ತಂತಿಯ ಕೆಳಗಿನ ಕುಲಾಯಿ

“ಬೇಟಾ, ನಿಲ್ಲಸು. ಗಿಟಾರಿನ ತಂತಿ ಕೆಳಗ ಒಂದು ಅರಿವಿ ಸಿಗಸು,” ಎಂದರು ಫಾತಿಮಾ ಖಾಲಾ. ಅವರು ಹುಮನಾಬಾದಿನ ನಮ್ಮ ಸ್ಟುಡಿಯೋಗೆ ಬಂದದ್ದು ಆ ಶುಕ್ರವಾರವೇ ಮೊದಲು.

ಬಸವಕಲ್ಯಾಣದ ಅವರ ಯಜಮಾನರಿಗೆ ಅಮೆರಿಕದ ಕಪ್ಪು ಜನರ ಹಳೆಯ ‘ಸೋಲ್’ ಸಂಗೀತದ ಹುಚ್ಚಿತ್ತು. ತೀರಿಹೋದ ಅವರು ಮನೆಯಲ್ಲಿ ಗಿಟಾರ್ ನುಡಿಸಿ ರೆಕಾರ್ಡ್ ಮಾಡಿದ್ದ ಒಂದೇ ಕ್ಯಾಸೆಟ್ಟಿನ ಟೇಪು ನಡುವೆ ಹರಿದು ಒಂದು ತುಣುಕು ಕಳೆದುಹೋಗಿತ್ತು. ಮಗಳು ನಸ್ರೀನ್ ಮದುವೆಗೆ ಮುನ್ನ ಅದನ್ನು ಇಡಿಯಾಗಿ ಕೇಳಬೇಕೆಂದಿದ್ದಳು; ಆ ತುಣುಕನ್ನು ಹಾಗೆಯೇ ನುಡಿಸಿ ಸೇರಿಸುವ ಹೊಣೆ ನನ್ನದು. ಸೋಮವಾರದಿಂದ ತಂತಿ, ಮೈಕು, ಆಂಪ್ಲಿಫೈಯರ್ ಬದಲಿಸುತ್ತ ಪ್ರತಿ ಪ್ರಯತ್ನವನ್ನೂ ಡೈರಿಯಲ್ಲಿ ಗುರುತಿಸಿದ್ದೆ. ಕ್ಯಾಸೆಟ್ಟಿನಲ್ಲಿದ್ದ ಆ ಗಿಡ್ಡ, ಮೆತ್ತನೆಯ ಟಕ್ ಟಕ್ ಮಾತ್ರ ಬಂದಿರಲಿಲ್ಲ.

ಕರವಸ್ತ್ರ ಮಡಚಿ ತಂತಿಯಡಿ ಇಟ್ಟು ಮೀಟಿದೆ. ಕ್ಯಾಸೆಟ್ಟಿನದೇ ಸದ್ದು!

“ಹಿಂಗ್ಯಾಕ ಬಾರಸ್ತಿದ್ರು ಅವರು?” ಎಂದೆ.

“ಈ ಮಹಾರಾಣಿ ತೊಟ್ಟಿಲದಾಗ ಮಲಗಿರ್ತಿದ್ಳಲ್ಲ!” ಖಾಲಾ ಪಕ್ಕದಲ್ಲಿ ಹೆಡ್‌ಫೋನ್ ಹಾಕಿ ಕೂತಿದ್ದ ಮಗಳತ್ತ ಕೈ ತೋರಿದರು. “ ಎದ್ರ ಓಣಿನೇ ಎಬ್ಬಸ್ತಿದ್ಳು. ಅದಕ್ಕ ಸದ್ದು ಸಣ್ಣಗಾಗ್ಲಿ ಅಂತ ಆಕಿ ತಲಿಗೆ ಹಾಕೋ ಕುಲಾಯಿನೇ ಸಿಗಸಿ ಬಾರಸ್ತಿದ್ರು.”

ನಸ್ರೀನ್ ಹೆಡ್‌ಫೋನ್ ತೆಗೆಯಲಿಲ್ಲ. “ಹಂಗಾದ್ರ ಈ ಟೇಪಿನಾಗ ನಾನೂ ಅದೀನಿ,” ಎಂದಳು ಮೆಲ್ಲಗೆ.

ಈಗ ಎಲ್ಲೇ ಹಳೆಯ ಸೋಲ್ ಗಿಟಾರ್ ಕೇಳಿದರೂ, ಪಕ್ಕದಲ್ಲಿ ಮಗುವೊಂದು ಮಲಗಿದೆಯೇನೋ ಎಂಬಂತೆ ಸದ್ದು ಮಾಡದೆ ಕೂರುತ್ತೇನೆ.