ಕಿವಿ ಮೇಸ್ತ್ರಿ ಉಜ್ಜಿಹಾಕಿದ ಗೆರೆ

ನಮ್ಮ ಯಜಮಾನರ ನಿಜವಾದ ಹೆಸರು ಈ ಬೀದೀಲಿ ಯಾರನ್ನ ಕೇಳಿದ್ರೂ ಹೇಳಲಾರರು. ಕಿವಿ ಮೇಸ್ತ್ರಿ ಅನ್ನಿ, ಕೈ ಹಿಡಿದು ಕರ್ಕೊಂಡು ಬಂದು ಶೆಡ್ಡಿನ ಮುಂದೆ ನಿಲ್ಲಿಸ್ತಾರೆ. ಉದ್ದನೆಯ ಸ್ಕ್ರೂಡ್ರೈವರಿನ ತುದೀನ ಓಡ್ತಿರೋ ಎಂಜಿನ್ ಮೇಲಿಟ್ಟು, ಹಿಡೀನ ಕಿವಿಗೆ ಒತ್ತಿ, ಕಣ್ಣು ಮುಚ್ಕೊಂಡು ಕೇಳ್ತಾರೆ. ಒಳಗೆ ಯಾವ ಬೇರಿಂಗ್ ಸವೆದಿದೆ, ಯಾವ ವಾಲ್ವು ಸರಿಯಾಗಿ ಕೂರ್ತಿಲ್ಲ, ಎಲ್ಲಾ ಅಲ್ಲೇ ಗೊತ್ತಾಗಿಬಿಡುತ್ತೆ. ಹೆಂಡತಿ ಮೆಟ್ಟಿಲ ಮೇಲೆ ನಿಂತು ಊಟಕ್ಕೆ ಬನ್ನಿ ಅಂತ ಗಂಟಲು ಹರ್ಕೊಂಡ್ರೆ ಮಾತ್ರ ಅದೇ ಕಿವಿಗೆ ಏನೂ ಕೇಳಿಸಲ್ಲ.

ಶೆಡ್ಡು ನಮ್ಮ ಭಾವನದು, ಅಂದ್ರೆ ಇವರ ಅಣ್ಣನದು. ಅದರ ಮೇಲಿನ ಎರಡು ಕೋಣೆ ನಮ್ಮ ಮನೆ. ಮನೆಗೆ ಅಂತ ಬೇರೆ ಬಾಗಿಲಿಲ್ಲ. ಕಬ್ಬಿಣದ ಮೆಟ್ಟಿಲು ಇಳಿದ್ರೆ ನೇರ ಶೆಡ್ಡಿನೊಳಕ್ಕೆ. ಬಿಚ್ಚಿಟ್ಟ ಗೇರ್‌ಬಾಕ್ಸು, ಎಣ್ಣೆ ಡಬ್ಬ, ಹಳೇ ಟೈರು ಎಲ್ಲಾ ದಾಟ್ಕೊಂಡು ಬೀದಿ ಸೇರಬೇಕು. ಸಂಜೆ ಭಾವ ಶಟರ್ ಎಳೆದು ಬೀಗ ಜಡಿದು ತಮ್ಮ ಮನೆಗೆ ಹೊರಟರೆ, ನಮಗೆ ಉಳಿಯೋದು ಶಟರಿನಲ್ಲೇ ಕೊರೆದಿರೋ ಒಂದು ಕಿಂಡಿ ಬಾಗಿಲು. ಸೊಂಟ ಬಗ್ಗಿಸಿ ತೂರ್ಕೋಬೇಕು. ಮದುವೆಯಾಗಿ ಬಂದ ದಿನ "ಸ್ವಲ್ಪ ದಿನದ ಮಟ್ಟಿಗೆ ಅಡ್ಜಸ್ಟ್ ಮಾಡ್ಕೊಳ್ಳಮ್ಮ" ಅಂದಿದ್ರು ಭಾವ. ಆ ಸ್ವಲ್ಪ ದಿನದಲ್ಲಿ ನನ್ನ ತಲೆ ಅರ್ಧ ಬೆಳ್ಳಗಾಗಿದೆ. ಒಗೆದು ಒಣಹಾಕಿದ ಬಟ್ಟೆಗೂ ಡೀಸೆಲ್ ವಾಸನೆ, ಅನ್ನದ ಪಾತ್ರೆಗೂ ಡೀಸೆಲ್ ವಾಸನೆ. ನನ್ನ ತಂಗಿ ಒಂದ್ಸಲ ಬಂದು ಉಳಿದವಳು, "ಅಕ್ಕಾ, ನಿಮ್ಮನೇಲಿ ಬೆಂಕಿಕಡ್ಡಿ ಗೀರೋಕೇ ಭಯ ಆಗುತ್ತೆ" ಅಂತ ನಕ್ಕಳು. ನನಗೆ ನಗು ಬರಲಿಲ್ಲ.

ಇವರಿಗೆ ಕೆಮ್ಮು ಶುರುವಾಗಿದ್ದು ಹೋದ ಚಳಿಗಾಲ. ಆಸ್ಪತ್ರೆಯವರು ಎದೆ ಫೋಟೋ ತೆಗೆದು, "ಔಷಧಿ ಕೊಡ್ತೀವಿ, ಆದ್ರೆ ಮುಚ್ಚಿದ ಜಾಗದಲ್ಲಿ ಈ ಹೊಗೆ ಕುಡಿಯೋದು ಬಿಡದೆ ಇದ್ರೆ ಔಷಧಿಯಿಂದ ಏನೂ ಆಗಲ್ಲ" ಅಂತ ಮುಖಕ್ಕೆ ಹೊಡೆದ ಹಾಗೆ ಹೇಳಿದ್ರು. ನಾನು ಹೆದರಿ ಬೆವೆತೆ. ಇವರು ಆಸ್ಪತ್ರೆ ಗೇಟು ದಾಟಿದ ಕೂಡಲೆ ಅಲ್ಲಿ ನಿಂತಿದ್ದ ಆಂಬುಲೆನ್ಸಿನ ಸದ್ದು ಕೇಳಿ, "ಫ್ಯಾನ್ ಬೆಲ್ಟು ಸಡಿಲ ಇದೆ" ಅಂದ್ರು. ಇಂಥವರ ಜೊತೆ ಏನು ಮಾತಾಡೋದು ಹೇಳಿ.

ಆಮೇಲೆ ಒಂದು ದಾರಿ ತಾನಾಗೇ ತೆರೆದುಕೊಳ್ತು. ಬೇರೆ ಊರಿನ ಮೆಕ್ಯಾನಿಕ್ ತರಬೇತಿ ಶಾಲೆಯ ಪ್ರಿನ್ಸಿಪಾಲರು ಈ ಕಡೆ ಬಂದಾಗ ಅವರ ಕಾರು ನಮ್ಮ ಶೆಡ್ಡಿಗೆ ಬಂತು. ಇವರ ಕೆಲಸ ನೋಡಿ ಅವರು ದಂಗಾಗಿ ನಿಂತ್ರು. "ನಮ್ಮಲ್ಲಿಗೆ ಬಂದು ಕಲಿಸ್ತೀರಾ? ಬಯಲಲ್ಲಿ ವರ್ಕ್‌ಶಾಪು, ಇರೋಕೆ ಕ್ವಾರ್ಟರ್ಸು" ಅಂದ್ರು. ನಾನು ಮೆಟ್ಟಿಲ ಮೇಲೆ ನಿಂತಿದ್ದವಳು ಬಾಯಿ ತಡೆಯದೆ, "ಕ್ವಾರ್ಟರ್ಸಿಗೆ ಮುಂಬಾಗಿಲು ಇದೆಯಾ ಸರ್?" ಅಂತ ಕೇಳೇಬಿಟ್ಟೆ. ಅವರು ತಬ್ಬಿಬ್ಬಾಗಿ, "ಇದೆಯಮ್ಮ, ಹಿತ್ತಲ ಬಾಗಿಲೂ ಇದೆ" ಅಂದ್ರು. ಹೊಸ ತರಗತಿ ಶುರುವಾಗೋ ಹೊತ್ತಿಗೆ ಬಂದು ಸೇರಿ ಅಂತ ಹೇಳಿ ಹೋದ್ರು.

ಭಾವ ಕೂಗಾಡಲಿಲ್ಲ. ಅವರು ಕೂಗಾಡೋ ಜನವೇ ಅಲ್ಲ, ಬೆಣ್ಣೇಲಿ ಕೂದಲು ತೆಗೆದ ಹಾಗೆ ಮಾತಾಡ್ತಾರೆ. "ಹೋಗಪ್ಪ, ನಾನ್ಯಾಕೆ ಅಡ್ಡ ಬರ್ಲಿ? ಆ ದನದ ಡಾಕ್ಟರಮ್ಮನ ಜೀಪು ಒಂದು ಮುಗಿಸಿಕೊಟ್ಟು ಹೋಗು. ಅದನ್ನ ಬೇರೆ ಯಾರು ಮುಟ್ಟೋಕಾಗುತ್ತೆ?" ಅಂದ್ರು. ಇವರು ಕುರಿ ಥರ ತಲೆ ಆಡಿಸಿದ್ರು.

ದನದ ಡಾಕ್ಟರಮ್ಮ ಒಳ್ಳೆ ಹೆಂಗಸು. ಬೆಟ್ಟದ ಮೇಲಿನ ಹಟ್ಟಿಗಳಿಗೆ ರಸ್ತೆ ಅನ್ನೋದೇ ಇಲ್ಲ, ಕಲ್ಲು ಮಣ್ಣಿನ ಏರಿನಲ್ಲಿ ಇಲಾಖೆಯ ಹಳೇ ಜೀಪೇ ಗತಿ. ಆ ಜೀಪು ಅರ್ಧ ಏರಿಗೇ ಕಪ್ಪು ಹೊಗೆ ಕಾರ್ತಾ ನಿಂತುಬಿಡೋದು. ಅವರು ಚಕ್ರದ ಹಿಂದೆ ಕಲ್ಲು ಕೊಟ್ಟು, ಔಷಧಿ ಚೀಲ ಹೆಗಲಿಗೆ ಹಾಕ್ಕೊಂಡು ನಡೆದೇ ಹತ್ತೋರು. ಒಂದ್ಸಲ ಹೀಗೆ ತಡವಾಗಿ ಒಂದು ಹಸು ಕರು ಎರಡೂ ಸತ್ತವಂತೆ. "ರಿಪೇರಿ ಸಾಲದು ಮೇಸ್ತ್ರಿಗಳೇ, ಇದಕ್ಕೆ ಇನ್ನಷ್ಟು ಶಕ್ತಿ ಬೇಕು" ಅಂತ ಕೇಳ್ಕೊಂಡ್ರು. ಅವರ ಮೇಲೆ ನನಗೆ ಕೋಪ ಮಾಡ್ಕೊಳ್ಳೋಕೂ ಆಗಲಿಲ್ಲ.

ಇಲ್ಲಿ ಇವರ ಒಂದು ಚಾಳಿ ಹೇಳಬೇಕು. ಡೀಸೆಲ್ ಪಂಪು ಎಂಜಿನ್ನಿಗೆ ಕೂರೋ ಜಾಗದಲ್ಲಿ, ಪಂಪಿನ ಮೇಲೊಂದು ಎಂಜಿನ್ ಮೇಲೊಂದು ಕಂಪನಿಯವರೇ ಗೆರೆ ಹಾಕಿರ್ತಾರೆ. ಎರಡೂ ಗೆರೆ ಕೂಡಿಸಿ ಬೋಲ್ಟು ಬಿಗಿದ್ರೆ ಡೀಸೆಲ್ಲು ಸರಿಯಾದ ಹೊತ್ತಿಗೆ ಒಳಗೆ ಬೀಳುತ್ತೆ. ಎಂಥ ಮೆಕ್ಯಾನಿಕ್ಕೂ ಮಾಡಬಹುದು. ಇವರು ಎಂಜಿನ್ನಿನ ಶಕ್ತಿ ಹೆಚ್ಚಿಸಿದಾಗ ಆ ಗೆರೆ ಕೆಲಸಕ್ಕೆ ಬರಲ್ಲ. ಪಂಪನ್ನ ಕೂದಲೆಳೆಯಷ್ಟು ಆಚೆ ಈಚೆ ತಿರುಗಿಸ್ತಾ ಕಿವಿಯಲ್ಲೇ ಜಾಗ ಹುಡುಕ್ತಾರೆ. ಸಿಕ್ಕ ಮೇಲೆ ಅರ ತಗೊಂಡು ಕಂಪನಿಯ ಗೆರೆಗಳನ್ನ ಉಜ್ಜಿ ಉಜ್ಜಿ ನುಣ್ಣಗೆ ಮಾಡಿಬಿಡ್ತಾರೆ. ಹೊಸ ಗೆರೆ ಮಾತ್ರ ಹಾಕಲ್ಲ. ಹಾಗಾಗಿ ಇವರು ಕಟ್ಟಿದ ಎಂಜಿನ್ನಿನ ಪಂಪನ್ನ ಬೇರೆ ಯಾರು ಬಿಚ್ಚಿದ್ರೂ ಮತ್ತೆ ಸರಿಯಾಗಿ ಕೂರಿಸೋಕಾಗಲ್ಲ. ಎಲ್ಲಾ ಗಾಡಿಗಳೂ ಹೊಗೆ ಕಾರ್ತಾ ಇಲ್ಲಿಗೇ ವಾಪಸ್ಸು ಬರ್ತವೆ. ಭಾವನಿಗೆ ಇದಕ್ಕಿಂತ ಇನ್ನೇನು ಬೇಕು!

ಈ ಸಲ ನಾನು ಪಟ್ಟು ಹಿಡಿದೆ. "ನೋಡಿ, ಈ ಜೀಪಿನ ಕೆಲಸ ಪೂರ್ತಿ ಗಡ್ಡದವನಿಗೆ ತೋರಿಸಿಕೊಂಡೇ ಮಾಡಬೇಕು. ನಾವು ಹೋದ ಮೇಲೆ ಅವನು ನೋಡ್ಕೋಬೇಕು. ಇಲ್ದಿದ್ರೆ ಆ ಡಾಕ್ಟರಮ್ಮ ಅತ್ರೂ ನೀವು ವಾಪಸ್ಸು ಓಡಿ ಬರ್ತೀರ" ಅಂದೆ. ಗಡ್ಡದವನು ಅಂದ್ರೆ ಶೆಡ್ಡಿನ ಇನ್ನೊಬ್ಬ ಮೆಕ್ಯಾನಿಕ್ಕು, ಬಾಯಿ ಕಮ್ಮಿ, ಕೈ ಚುರುಕು. ಇವರು "ಆಯ್ತು ಕಣೆ, ಮಾತು ಕೊಟ್ಟೆ" ಅಂದ್ರು. ಎಷ್ಟೋ ವರ್ಷದ ಮೇಲೆ ಆವತ್ತು ನಾನು ಅಡುಗೆ ಮಾಡ್ತಾ ಹಾಡು ಗುನುಗಿದೆ.

ಕೆಲಸ ಶುರುವಾಯ್ತು. ಸರಪಳಿ ಹಾಕಿ ಎಂಜಿನ್ನನ್ನ ಮೇಲಕ್ಕೆತ್ತಿ ಬೆಂಚಿನ ಮೇಲೆ ಕೂರಿಸಿದ್ರು. ಹೆಡ್ಡು ಬಿಚ್ಚಿದ್ರೆ ಒಳಗೆಲ್ಲ ಮಸಿಯೋ ಮಸಿ. ಸಿಲಿಂಡರಿನ ಗೋಡೆಗಳು ಸವೆದು ಗೀರು ಬಿದ್ದಿದ್ವು, ಒಂದು ಪಿಸ್ಟನ್ನಿನ ರಿಂಗು ಮೂರು ಚೂರು. ಹೊಸ ಲೈನರು, ಹೊಸ ಪಿಸ್ಟನ್ನು ಬಂತು. ಕ್ರ್ಯಾಂಕನ್ನ ಲೇತಿನ ಅಂಗಡಿಗೆ ಕಳಿಸಿ ನುಣ್ಣಗೆ ಮಾಡಿಸಿದ್ರು. ಗುಜರಿಗೆ ಬಿದ್ದ ಒಂದು ಸರಕಿನ ವ್ಯಾನಿನಿಂದ, ಎಂಜಿನ್ನಿಗೆ ಹೆಚ್ಚು ಗಾಳಿ ತುರುಕಿ ಶಕ್ತಿ ಕೊಡೋ ಟರ್ಬೊ ತಂದು, ಅದಕ್ಕೆ ಎಣ್ಣೆ ಹೋಗೋ ಪೈಪು, ಬರೋ ಪೈಪು, ಕೂರೋಕೆ ಕಬ್ಬಿಣದ ತೋಳು ಎಲ್ಲಾ ಕೈಯಲ್ಲೇ ಮಾಡಿದ್ರು. ದೊಡ್ಡ ರೇಡಿಯೇಟರು ಹಿಡಿಸೋಕೆ ಮುಂದಿನ ಪಟ್ಟಿ ಕತ್ತರಿಸಿ ಬೆಸುಗೆ ಹಾಕಿದ್ರು. ಗಡ್ಡದವನು ಪಕ್ಕದಲ್ಲೇ ಇದ್ದ. "ಇಲ್ನೋಡು, ಹೆಡ್ಡಿನ ಬೋಲ್ಟು ನಡುವಿಂದ ಶುರುಮಾಡಿ ಹೊರಗೆ ಬರ್ಬೇಕು" ಅಂತ ಇವರು ಹೇಳ್ಕೊಡೋದು ಮೇಲೆ ನನಗೆ ಕೇಳಿಸ್ತಿತ್ತು. ಎಷ್ಟು ಚೆನ್ನಾಗಿ ಹೇಳ್ತಾರಲ್ಲ ಅಂತ ಖುಷಿಯಾಗೋದು. ಆ ಶಾಲೆಯ ಮಕ್ಕಳು ಪುಣ್ಯವಂತರು ಅನ್ಕೊಂಡೆ.

ಕೆಮ್ಮು ಮಾತ್ರ ಜೋರಾಗ್ತಾ ಹೋಯ್ತು. ಎಂಜಿನ್ನನ್ನ ಮತ್ತೆ ಜೀಪಿಗೆ ಇಳಿಸಿ ಓಡಿಸಿ ನೋಡೋ ದಿನ, ಶೆಡ್ಡು ತುಂಬ ಹೊಗೆ ಕಟ್ಟಿ ನಾನು ಮೇಲೆ ಕಿಟಕಿಗೆ ಮುಖ ಕೊಟ್ಟು ನಿಂತಿದ್ದೆ. ಮೊದಲು ಒರಟಾಗಿ ಗುಡುಗಿತು. ಸ್ವಲ್ಪ ಹೊತ್ತಿಗೆ ಸದ್ದು ಸಣ್ಣಗಾಗಿ, ಒಂದೇ ಸಮನಾಗಿ, ಹದವಾಗಿ ಬಂತು. ನನಗೇ ರೋಮಾಂಚನ ಆಯ್ತು, ಸುಳ್ಳು ಯಾಕೆ ಹೇಳ್ಲಿ.

ಮಾರನೆ ಬೆಳಿಗ್ಗೆ ಡಾಕ್ಟರಮ್ಮ ಗಾಡಿ ತಗೊಂಡು ಹೋಗೋಕೆ ಬರೋರಿದ್ರು. ನಾನು ಟೀ ಹಿಡ್ಕೊಂಡು ಕೆಳಗಿಳಿದೆ. ಇವರು ಹಿಂದೆ ನಲ್ಲಿ ಹತ್ರ ಕೈ ತೊಳೀತಿದ್ರು. ಗಡ್ಡದವನಿಗೆ ಲೋಟ ಕೊಟ್ಟು, "ಏನಪ್ಪಾ, ಎಲ್ಲಾ ಕಲಿತ್ಯಾ?" ಅಂದೆ.

"ಎಲ್ಲಾ ತೋರಿಸಿದಾರೆ ಅತ್ತಿಗೆ. ಪಂಪು ಕೂರಿಸೋದೊಂದು ಬಿಟ್ಟು."

"ಯಾಕೆ ಬಿಟ್ರು?"

"ಆ ಹೊತ್ತಿಗೆ ನನ್ನನ್ನ ವಾಷರ್ ತಗೊಂಡು ಬಾ ಅಂತ ಅಂಗಡಿಗೆ ಕಳಿಸಿದ್ರು." ಅವನು ಲೋಟದೊಳಗೆ ನೋಡ್ತಾ ನಿಧಾನ ಹೇಳಿದ. "ವಾಷರ್ ಡಬ್ಬ ತುಂಬ ಇತ್ತು ಅತ್ತಿಗೆ."

ಪಿತ್ತ ನೆತ್ತಿಗೇರಿತು. ಬಾನೆಟ್ಟು ತೆರೆದೇ ಇತ್ತು. ಬಗ್ಗಿ ನೋಡಿದೆ. ಇಷ್ಟು ವರ್ಷ ಈ ಶೆಡ್ಡಿನ ಮೇಲೆ ಬಾಳಿದ್ದಕ್ಕೆ ಎಲ್ಲಿ ನೋಡಬೇಕು ಅಂತ ನನಗೆ ಯಾರೂ ತೋರಿಸಬೇಕಿರಲಿಲ್ಲ. ಗೆರೆ ಇರಬೇಕಾದ ಜಾಗ ಬೆಳ್ಳಗೆ ಹೊಳೀತಿತ್ತು.

ಇವರು ಟವೆಲಿನಲ್ಲಿ ಕೈ ಒರಸ್ಕೊಳ್ತಾ ಬಂದ್ರು. ಗಡ್ಡದವನು ಮೆಲ್ಲಗೆ ಬೀದಿ ಕಡೆ ಜಾರಿಕೊಂಡ.

"ಮಾತು ಕೊಟ್ಟಿದ್ರಲ್ರೀ."

"ಅದು ಹಾಗಲ್ಲ ಕಣೆ. ಹಳೇ ಗೆರೆ ಬಿಟ್ರೆ ಯಾರಾದ್ರೂ ಅದನ್ನೇ ನಂಬಿ ಕೂರಿಸ್ತಾರೆ. ಎಂಜಿನ್ನು ಹಾಳಾಗುತ್ತೆ."

"ಸರಿ, ಹಳೇದು ಬೇಡ. ಹೊಸದು ಹಾಕಿ." ಬೆಂಚಿನ ಮೇಲಿದ್ದ ಚಾಣ, ಸುತ್ತಿಗೆ ಎರಡೂ ತಂದು ಇವರ ಕೈಗೆ ತುರುಕಿದೆ. "ಪಂಪು ಈಗ ಸರಿಯಾದ ಜಾಗದಲ್ಲೇ ಕೂತಿದೆ ಅಲ್ವಾ? ಪಂಪಿಗೂ ಎಂಜಿನ್ನಿಗೂ ಸೇರಿ ಒಂದೇ ಒಂದು ಏಟು ಹೊಡೀರಿ. ಗೆರೆ ಬೀಳ್ಲಿ. ಗಡ್ಡದವನು ನೋಡ್ಕೊಳ್ತಾನೆ, ನಾವು ಹೋಗೋಣ."

ಇವರು ಚಾಣವನ್ನ ಪಂಪಿನ ಅಂಚಿಗೆ ಇಟ್ರು. ಸುತ್ತಿಗೆ ಎತ್ತಿದ್ರು. ನನ್ನ ಎದೆ ಬಡ್ಕೊಳ್ತಿದ್ದ ಸದ್ದು ಇವರಿಗೂ ಕೇಳಿಸಿರ್ಬೇಕು. ಎತ್ತಿದ ಸುತ್ತಿಗೆ ಹಾಗೇ ನಿಂತು ನಿಂತು, ಕೊನೆಗೆ ಮೆಲ್ಲಗೆ ಕೆಳಗಿಳೀತು.

"ಆಗಲ್ಲ ಕಣೆ" ಅಂದ್ರು.

"ಯಾಕೆ ಆಗಲ್ಲ?"

"ಗೆರೆ ಹಾಕಿಬಿಟ್ರೆ ಇದು ಯಾರ ಎಂಜಿನ್ ಬೇಕಾದ್ರೂ ಆಗುತ್ತೆ. ಈಗ ಬಾನೆಟ್ಟು ತೆಗೆದವರು ಇದು ಕಿವಿ ಮೇಸ್ತ್ರೀದು ಅಂತಾರೆ. ಆ ಶಾಲೆಗೆ ಹೋದ್ರೆ ನಾನು ಬೋರ್ಡಿನ ಮುಂದೆ ನಿಂತು ಚಿತ್ರ ತೋರಿಸೋ ಮೇಷ್ಟ್ರು. ಅಷ್ಟೇ."

"ಹಂಗಾದ್ರೆ ನಾನು?" ಅಂದೆ. ನಾನು ಅಳಬಾರದು ಅಂತಿದ್ದೆ, ಆದ್ರೂ ದನಿ ಒಡೆದುಹೋಯ್ತು. "ನಾನು ಈ ಮೆಟ್ಟಿಲ ಮೇಲೇ ಸಾಯಬೇಕಾ? ನಿಮ್ಮನ್ನ ಇಲ್ಲಿಂದ ಹೊರಗೆ ಹೊತ್ತುಕೊಂಡು ಹೋಗೋದನ್ನ ನೋಡಬೇಕಾ?"

ಅಷ್ಟರಲ್ಲಿ ಡಾಕ್ಟರಮ್ಮ ಬಂದ್ರು, ಜೊತೆಗೆ ಭಾವ. ಜೀಪು ಶುರುವಾಯ್ತು. ಡಾಕ್ಟರಮ್ಮ ಬೀದಿ ಕೊನೆಯ ಏರು ಹತ್ತಿಸಿ, ತಿರುಗಿಸಿಕೊಂಡು ಬಂದವರು, ಸ್ಟೇರಿಂಗಿನ ಹಿಂದೆ ಕೂತು ಮಗುವಿನ ಥರ ನಗ್ತಿದ್ರು. "ಹಾರುತ್ತೆ ಮೇಸ್ತ್ರಿಗಳೇ! ನೀವಿರೋವರೆಗೂ ನನಗೆ ಬೆಟ್ಟದ ಚಿಂತೆ ಇಲ್ಲ!" ಇವರ ಮುಖ ಅರಳಿತು. ಅಷ್ಟು ಅರಳಿದ ಮುಖವನ್ನ ನಾನು ನಮ್ಮ ಮನೆಯ ಆ ಎರಡು ಕೋಣೆಗಳಲ್ಲಿ ಒಂದು ದಿನವೂ ನೋಡಿಲ್ಲ. ಹೊಟ್ಟೆ ಉರೀತು, ಜೊತೆಗೇ ಅಯ್ಯೋ ಪಾಪ ಅನ್ನಿಸ್ತು. ಯಾವುದು ಹೆಚ್ಚು ಅಂತ ಇವತ್ತಿಗೂ ಗೊತ್ತಿಲ್ಲ.

ಭಾವ ಇವರ ಬೆನ್ನು ತಟ್ಟಿ, "ಹೊರಡೋದಾದ್ರೆ ಹೊರಡಪ್ಪ, ನನ್ನದೇನೂ ಅಡ್ಡಿಯಿಲ್ಲ" ಅಂದ್ರು. ಅವರಿಗೂ ಗೊತ್ತಿತ್ತು, ಇವರು ಎಲ್ಲಿಗೂ ಹೋಗಲ್ಲ ಅಂತ. ಇಷ್ಟು ವರ್ಷ ಭಾವನನ್ನ ಬೈದು ಬೈದು ನನ್ನ ನಾಲಿಗೆ ಸವೆದಿತ್ತು. ಆವತ್ತು ಅವರನ್ನ ಬೈಯೋಕೂ ಏನೂ ಉಳಿಯಲಿಲ್ಲ.

ಪ್ರಿನ್ಸಿಪಾಲರ ಫೋನು ಮಧ್ಯಾಹ್ನ ಬಂತು. ಇವರು ಊಟಕ್ಕೆ ಕೂತಿದ್ರು. ಹೆಸರು ನೋಡಿದ್ದೇ ಫೋನನ್ನ ನನ್ನ ಕಡೆ ತಳ್ಳಿ, ನಾನು ಮನೇಲಿಲ್ಲ ಅನ್ನು ಅಂತ ಕೈಸನ್ನೆ ಮಾಡಿದ್ರು.

"ಏನಮ್ಮ, ಯಾವಾಗ ಬರ್ತೀರ? ಕ್ವಾರ್ಟರ್ಸಿಗೆ ಸುಣ್ಣ ಹೊಡೆಸ್ತಿದೀವಿ" ಅಂದ್ರು ಆ ಕಡೆಯಿಂದ.

"ಇವರ ಕೈಯಲ್ಲಿ ಕೆಲಸ ಬಾಕಿ ಇದೆ ಸರ್."

"ಓಹೋ. ಈ ವರ್ಷ ಆಗದಿದ್ರೆ ಪರವಾಗಿಲ್ಲಮ್ಮ. ಮುಂದಿನ ವರ್ಷಕ್ಕೆ ಜಾಗ ಇಟ್ಟಿರ್ತೀನಿ. ಇಂಥವರು ಸಿಗಲ್ಲ, ಕಾಯ್ತೀವಿ."

ನಾನು ಇವರ ಮುಖ ನೋಡಿದೆ. ಫೋನಿನ ಮಾತು ಇವರಿಗೂ ಕೇಳಿಸಿತ್ತು. ಮುಖದಲ್ಲಿ ಏನೋ ನಿರಾಳ, ಬದುಕಿಕೊಂಡೆ ಅನ್ನೋ ಥರ. ಮುಂದಿನ ವರ್ಷ. ಅದರ ಮುಂದಿನ ವರ್ಷ. ಪ್ರತಿ ವರ್ಷವೂ ಒಂದು ಜೀಪು ಬರುತ್ತೆ, ನಾನು ಪ್ರತಿ ವರ್ಷವೂ ಮನಸ್ಸಿನಲ್ಲೇ ಆ ಮನೆಗೆ ಪಾತ್ರೆ ಜೋಡಿಸ್ತೀನಿ. ಅಷ್ಟು ಆಸೆ ಹೊರೋ ಶಕ್ತಿ ನನಗಿರಲಿಲ್ಲ.

"ಬೇಡ ಸರ್" ಅಂದೆ. "ಕಾಯಬೇಡಿ. ಬೇರೆಯವರನ್ನ ತಗೊಳ್ಳಿ. ಇವರು ಬರಲ್ಲ."

ಫೋನು ಕೆಳಗಿಟ್ಟೆ. ಇವರ ಕೈ ತಟ್ಟೆಯಲ್ಲೇ ನಿಂತುಹೋಗಿತ್ತು. ಮುಖ ಸುಣ್ಣದ ಹಾಗೆ ಬಿಳಿಚಿತ್ತು.

"ಯಾಕೆ ಹಂಗಂದೆ?" ಅಂದ್ರು. ಅಂಥ ಸಣ್ಣ ದನಿಯನ್ನ ನಾನು ಇವರ ಬಾಯಲ್ಲಿ ಕೇಳಿರಲಿಲ್ಲ. "ಮುಂದಿನ ವರ್ಷ ಖಂಡಿತ ಹೋಗ್ತಿದ್ವಲ್ಲೇ."

"ಊಟ ಮಾಡಿ, ಆರಿಹೋಗುತ್ತೆ" ಅಂದೆ.

ಇವರು ತುತ್ತು ಕಲಸಿದವರು ಬಾಯಿಗಿಡಲಿಲ್ಲ. ಫೋನನ್ನ ಮತ್ತೆ ನನ್ನ ಕಡೆ ತಳ್ಳಿ, "ಇನ್ನೊಂದ್ಸಲ ಫೋನ್ ಮಾಡಿ ಕೇಳು" ಅಂದ್ರು. ನಾನು ಮಾಡಲಿಲ್ಲ.