ಏರದ ಹಾಯಿ, ಇಳಿಯದ ಸಿಟ್ಟು

ಖಲ್ಫಾನನಿಗೆ ಸಿಟ್ಟು ಮೂಗಿನ ತುದಿಯಲ್ಲಿ ಎಂದು ದಲ್ಮಾ ದ್ವೀಪದವರೆಲ್ಲ ಹೇಳುತ್ತಿದ್ದರು. ಪಾಪ, ಅಲ್ಲಿ ಸುಮ್ಮನೆ ಕೂರಲು ಆ ಸಿಟ್ಟಿಗೆ ಪುರುಸೊತ್ತಾದರೂ ಎಲ್ಲಿತ್ತು! ಬೆಳಗಿನ ನಮಾಜು ಮುಗಿಸಿ ಚಪ್ಪಲಿ ಹುಡುಕುವಾಗ ಶುರುವಾದರೆ, ಬೆಕ್ಕು, ಬಂದರಿನ ಕಾವಲುಗಾರ, ಬಡಗಣ ಗಾಳಿ ಎಲ್ಲರಿಗೂ ಪಾಲು ಹಂಚಿ, ಬಿಸಿಲೇರುವ ಹೊತ್ತಿಗೆ ತಂಗಿಯ ಮಗ ಗಾನಿಮನ ದೋಣಿಗೆ ಬಂದು ನಿಲ್ಲುತ್ತಿತ್ತು. ಈ ಚಳಿಗಾಲದಲ್ಲಂತೂ ಅದು ಅಲ್ಲೇ ಲಂಗರು ಹಾಕಿತ್ತು. 'ಶಾಹೀನ್' ಎಂಬ ಆ ಪಂದ್ಯದ ದೋಣಿಯ ದೊಡ್ಡ ಹಾಯಿ ಏರುತ್ತಿರಲಿಲ್ಲ.

ಏರುತ್ತಲೇ ಇರಲಿಲ್ಲ ಎಂದಲ್ಲ. ಹಟಮಾರಿ ಕತ್ತೆ ಮೆಟ್ಟಿಲು ಹತ್ತಿದ ಹಾಗೆ ಏರುತ್ತಿತ್ತು. ಪಂದ್ಯದಲ್ಲಿ ದೋಣಿಗಳೆಲ್ಲ ಹಾಯಿ ಇಳಿಸಿಕೊಂಡೇ ಸಾಲಾಗಿ ಕಾಯಬೇಕು. ಸೂಚನೆ ಸಿಕ್ಕ ಮೇಲೆಯೇ ಎಳೆಯುವುದು. ಮೊದಲು ಏರಿಸಿದವನಿಗೆ ಗಾಳಿ, ಕೊನೆಯವನಿಗೆ ಮುಂದಿನವರ ಬೆನ್ನು. ಕಳೆದ ಪಂದ್ಯದಲ್ಲಿ ಶಾಹೀನ್ ಎಲ್ಲರ ಬೆನ್ನನ್ನೂ ನೋಡಿತ್ತು. ಶುಕ್ರವಾರ ಮತ್ತೆ ಪಂದ್ಯವಿತ್ತು.

ಹಾಯಿ ಕಟ್ಟಿದ ಉದ್ದನೆಯ ಓರೆಮರವನ್ನು ಎತ್ತುವ ಹಗ್ಗ ದೋಣಿಯ ನಡುವೆ ನೆಟ್ಟ ಕೂವೆಮರದ ತುದಿಯ ರಾಟೆಯಿಂದ ಇಳಿದು ಬಂದು, ಬುಡದ ಗೂಟಕ್ಕೆ ಸುತ್ತು ಹಾಕಿಕೊಂಡು, ಎಳೆಯುವವರ ಕೈಗೆ ಹೋಗುತ್ತದೆ. ಅವರು ಹಿಡಿ ಬದಲಿಸುವಾಗ ಏರಿದ್ದು ಜಾರದಂತೆ ಹಗ್ಗವನ್ನು ಗೂಟಕ್ಕೆ ಅದುಮಿ ಹಿಡಿಯುವವನು ಒಬ್ಬನಿರಬೇಕು. ಆ ಒಬ್ಬ ಖಲ್ಫಾನ್. ಮುತ್ತು ತೆಗೆಯುವ ದೋಣಿಗಳ ಕಾಲದಲ್ಲಿ ಆ ಜಾಗ ಅವನ ಅಪ್ಪನದಾಗಿತ್ತು. ದೋಣಿಗೆ ಗಾನಿಮ್ ಒಡೆಯನಾದರೆ ಗೂಟಕ್ಕೆ ಖಲ್ಫಾನ್ ಒಡೆಯ. ಗೂಟ ಬಿಟ್ಟವನು ದಡದ ಮನುಷ್ಯ ಎಂದು ಅವನೇ ಊರಿಗೆಲ್ಲ ಹೇಳಿಕೊಂಡು ಬಂದಿದ್ದ.

ಹಾಯಿ ಏರದಿದ್ದಾಗ ಮೊದಲು ಅವನು ಕೂವೆಮರವನ್ನು ಬೈದ. ಹುಡುಗರು ಅದಕ್ಕೆ ಶಾರ್ಕ್ ಎಣ್ಣೆ ಬಳಿದರು. ದೋಣಿ ವಾರವಿಡೀ ನಾರಿತು. ರಾಟೆ ತುಕ್ಕು ಹಿಡಿದಿದೆ ಎಂದ. ಗಾನಿಮ್ ಹೊಸ ರಾಟೆ ತಂದ. ಹಗ್ಗ ಉಪ್ಪು ಕುಡಿದು ಊದಿದೆ ಎಂದ. ಹೊಸ ಹಗ್ಗ ಬಂತು. ಒಬ್ಬರೂ ಎದುರಾಡಲಿಲ್ಲ. ಇನ್ನೂ ನನ್ನ ಮಾತಿಗೆ ಬೆಲೆಯಿದೆ ಎಂದು ಖಲ್ಫಾನ್ ಒಳಗೊಳಗೇ ಬೀಗಿದ. ಎಳೆಯುವವರಲ್ಲಿ ಮೊದಲಿಗನಾದ ಮತರ್ ಮಾತ್ರ ಅವನ ಕಣ್ಣಿಗೆ ಕಸವಾಗಿದ್ದ. ಎಷ್ಟು ಬೈದರೂ ಆ ಮನುಷ್ಯ ಬೆನ್ನಿಗೇ ಅಂಟಿ ನಿಲ್ಲುತ್ತಿದ್ದ.

"ನೀನೇನು ನನ್ನ ನೆರಳೇನೋ? ಹಿಂದೆ ಸರಿ! ನಿನ್ನ ಉಸಿರಿಗೆ ನನ್ನ ಕತ್ತು ಬೆವರ್ತದೆ."

"ಆಯ್ತು ಮಾವಾ," ಎಂದು ಮತರ್ ಒಂದು ಹೆಜ್ಜೆ ಸರಿದು, ಮತ್ತೆ ಅದೇ ಹೆಜ್ಜೆ ಮುಂದಿಡುತ್ತಿದ್ದ.

ಕೂವೆಮರ, ರಾಟೆ, ಹಗ್ಗ ಮುಗಿದ ಮೇಲೆ ಉಳಿದದ್ದು ಹಾಯಿ. ಅದನ್ನು ಹೊಲಿದವನು ಸರ್ಹಾನ್, ಖಲ್ಫಾನನ ಬಾಲ್ಯದ ಗೆಳೆಯ. ಮಂಗಳವಾರ ಸಂಜೆ, ಊರ ಗಂಡಸರು ಹರಟೆಗೆ ಸೇರುವ ಮಜ್ಲಿಸು ತುಂಬಿದ್ದಾಗ, ಖಲ್ಫಾನ್ ಬಾಯಿ ಬಿಟ್ಟ. "ಸರ್ಹಾನ್ ಹೊಲಿದದ್ದು ಹಾಯಿಯಲ್ಲ, ಕಂಬಳಿ. ಕಣ್ಣು ಕಾಣದವನಿಗೆ ಸೂಜಿ ಯಾಕೆ?" ಜನ ನಕ್ಕರು. ನಕ್ಕವರೇ ಹೋಗಿ ಸರ್ಹಾನನ ಕಿವಿಗೆ ಊದಿದರು. ಮರುದಿನ ಬೆಳಿಗ್ಗೆ ಅವನು ದೋಣಿಯ ಮುಂದೆ ಹಾಜರಾದ.

"ಏ ಖಲ್ಫಾನ್, ನಿನ್ನೆ ಏನೋ ಬೊಗಳಿದೆಯಂತೆ?"

"ಬೊಗಳೋದೇನು ಬಂತು, ಇದ್ದದ್ದು ಹೇಳ್ದೆ. ನಿನ್ನ ಹಾಯಿ ಹಬ್ಬದ ಕುರಿ ಥರ ಕೊಬ್ಬಿದೆ, ಏಳೋಲ್ಲ."

"ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ!"

"ಯಾರಿಗೋ ಹೇಳ್ತಿರೋದು?" ಖಲ್ಫಾನ್ ಎರಡೂ ಅಂಗೈಗಳನ್ನು ಅವನ ಮೂಗಿನ ಮುಂದೆ ಹಿಡಿದ. "ನೋಡು ಈ ಕೈ! ಇವತ್ತು ಬೆಳಿಗ್ಗೆ ಕಾಫಿ ಫ್ಲಾಸ್ಕಿನ ಮುಚ್ಚಳ ಒಂದೇ ತಿರುವಿಗೆ ಬಿಚ್ಚಿದ್ದೀನಿ. ದಿನಾ ಬಿಚ್ತೀನಿ. ಏಯ್ ಹುಡುಗ್ರಾ, ಹಾಯಿ ಕಳಚಿ! ಬರೀ ಓರೆಮರ ಎತ್ತಿ ತೋರಿಸೋಣ, ಹೂವಿನ ಹಾಗೆ ಹೋಗ್ತದೆ. ಆಗ ಇವನ ಮುಖ ನೋಡ್ಬೇಕು."

"ಮಾವಾ, ಬಿಸಿಲು ಜಾಸ್ತಿ ಆಯ್ತು," ಎಂದ ಗಾನಿಮ್, ಅವಸರದಲ್ಲಿ. "ಮನೇಲಿ ಮೀನಿನ ಅನ್ನ ಕಾಯ್ತಿದೆ. ಮೊದ್ಲು ಊಟ ಮಾಡೋಣ."

"ಊಟ ಸಮುದ್ರಕ್ಕೆ ಬೀಳ್ಲಿ! ಕಳಚು ಅಂದ್ನಲ್ಲ?"

ಕಳಚಿದರು. ಹಾಯಿ ಮರಳಿನ ಮೇಲೆ ಮಲಗಿತು. ಬರಿಯ ಮರವನ್ನು ಎಳೆದರು. ಹತ್ತು ಗಂಡಸರ ಕತ್ತಿನ ನರ ಉಬ್ಬಿತು. ಮರ ಮೊದಲಿನ ಹಾಗೆಯೇ ನರಳುತ್ತ, ನಿಲ್ಲುತ್ತ, ಏರಿತು. ಸರ್ಹಾನ್ ತನ್ನ ಹಾಯಿಯ ಮೇಲಿನ ಮರಳು ಕೊಡವಿದ, ಅಷ್ಟೇ.

ಖಲ್ಫಾನನ ಕಿವಿ ಕೆಂಪಾಯಿತು. ಮರ ಇಳಿಸಿ, ಹಗ್ಗವನ್ನು ಗೂಟದಿಂದ ಬಿಡಿಸಿ, "ಈಗ ಸುಮ್ಮನೆ ಎಳೀರಿ, ರಾಟೆ ತಿರುಗ್ತದೋ ನೋಡೋಣ" ಎಂದು ಅರಚಿದ. ಎಳೆದರು. ರಾಟೆ ಸದ್ದಿಲ್ಲದೆ ತಿರುಗಿತು, ಮರ ಸರ್ರನೆ ಆಳೆತ್ತರ ಎದ್ದಿತು. ಹಾಯಿಯ ತಪ್ಪಲ್ಲ, ರಾಟೆಯದಲ್ಲ, ಹಗ್ಗದ್ದಲ್ಲ, ಎಣ್ಣೆ ಕುಡಿದ ಕೂವೆಮರದ್ದೂ ಅಲ್ಲ. ಬೈಯಲು ಇನ್ನೇನು ಉಳಿದಿದೆ ಎಂದು ಅವನು ಸುತ್ತ ನೋಡಿದ. ಗಾನಿಮ್ ಸಮುದ್ರ ನೋಡುತ್ತಿದ್ದ. ಮತರ್ ತನ್ನ ಕಾಲ್ಬೆರಳು ನೋಡುತ್ತಿದ್ದ. ಒಬ್ಬರೂ ಗೂಟದ ಕಡೆ ನೋಡುತ್ತಿರಲಿಲ್ಲ.

ಆಗ ಖಲ್ಫಾನ್ ಗೂಟವನ್ನು ನೋಡಿದ. ಹಗ್ಗ ಉಜ್ಜಿ ಉಜ್ಜಿ ಅದರ ಮೇಲೆ ಎರಡು ಗೆರೆ ಬಿದ್ದಿದ್ದವು. ಒಂದು ಹಳೆಯದು, ಅಪ್ಪ ಕಲಿಸಿದ ಒಂದೇ ಸುತ್ತಿನದು. ಇನ್ನೊಂದು ಹೊಸದು. ಹಿಂದಿನ ಚಳಿಗಾಲದ ಕೊನೆಯಲ್ಲಿ ಒಂದು ದಿನ ಹಗ್ಗ ಅವನ ಅಂಗೈಯಿಂದ ಜಾರಿ, ಮರ ಮೊಳದಷ್ಟು ಕುಸಿದಿತ್ತು. ಯಾರಿಗೂ ಏನೂ ಆಗಲಿಲ್ಲ, ಯಾರೂ ಏನೂ ಅನ್ನಲಿಲ್ಲ. ಮರುದಿನ ಅವನು ಗೂಟಕ್ಕೆ ಇನ್ನೊಂದು ಸುತ್ತು ಹಾಕಿಕೊಂಡ. ಎರಡು ಸುತ್ತಿದ್ದರೆ ಹಗ್ಗ ಗೂಟವನ್ನು ತಾನೇ ಕಚ್ಚಿಕೊಳ್ಳುತ್ತದೆ, ಕೈಗೆ ಕೆಲಸವಿಲ್ಲ. ಎಳೆಯುವಾಗಲೂ ಅದೇ ಬಿಗಿತ, ಎಳೆಯುವವರ ಪಾಡು ಮಾತ್ರ ಹೇಳತೀರದು. ಅದನ್ನು ಅವನು ಮರೆತಿದ್ದನೋ, ಮರೆತಂತೆ ಇದ್ದನೋ, ದೇವರಿಗೇ ಗೊತ್ತು.

"ಹಾಯಿ ಕಟ್ಟಿ," ಎಂದ. ಈ ಸಲ ಅರಚಲಿಲ್ಲ.

ಕಟ್ಟಿದರು. ಅವನು ಗೂಟಕ್ಕೆ ಒಂದೇ ಸುತ್ತು ಹಾಕಿ, ಹಲ್ಲು ಕಚ್ಚಿ ಹಿಡಿದು, "ಎಳೀರಿ" ಎಂದ. ಹಾಯಿ ಹಕ್ಕಿಯಂತೆ ಎದ್ದಿತು. ಎಳೆಯುವವರು ಹಿಡಿ ಬದಲಿಸಿದರು. ಅವನ ಬೆರಳು ಮಡಚಲಿಲ್ಲ. ಹಗ್ಗ ಅಂಗೈ ಸುಡುತ್ತ ಹಿಂದಕ್ಕೆ ಓಡಿತು, ಮತ್ತು ಗೇಣು ದೂರದಲ್ಲಿ ನಿಂತಿತು. ಮತರನ ಎರಡೂ ಕೈ ಅದರ ಮೇಲಿದ್ದವು. ಆ ಕೈಗಳು ಅಲ್ಲಿಗೆ ಓಡಿ ಬಂದವಲ್ಲ, ಅಲ್ಲೇ ಕಾಯುತ್ತಿದ್ದವು.

"ಎಷ್ಟು ದಿನದಿಂದ?" ಎಂದು ಖಲ್ಫಾನ್ ಕೇಳಿದ.

ಮತರ್ ಹಗ್ಗವನ್ನು ಗೂಟಕ್ಕೆ ಬಿಗಿಯತೊಡಗಿದ.

"ಎಷ್ಟು ದಿನದಿಂದ ಅಂತ ಕೇಳ್ತಿದ್ದೀನಿ! ಎಲ್ಲರಿಗೂ ಗೊತ್ತಿತ್ತು, ಅಲ್ವಾ? ಗೊತ್ತಿದ್ದೂ ರಾಟೆ ತಂದ್ರಿ, ಹಗ್ಗ ತಂದ್ರಿ, ಎಣ್ಣೆ ಬಳಿದ್ರಿ! ನಾನು ಊರ ಮುಂದೆ ಇವನ ಮಾನ ಕಳೆಯೋದನ್ನ ನೋಡ್ತಾ ಕೂತ್ರಿ! ನನಗೆ ತೊಟ್ಟಿಲು ಕಟ್ಟಿದ್ದೀರೇನ್ರೋ?"

"ಗೂಟ ಬಿಟ್ರೆ ನೀವು ದೋಣಿಗೇ ಬರಲ್ಲ ಅಂತ ಹೆದ್ರಿಕೆ ಆಯ್ತು ಮಾವಾ," ಎಂದ ಗಾನಿಮ್.

"ಥೂ ನಿಮ್ಮ ಮರ್ಯಾದೆಗೆ ಬೆಂಕಿ ಬೀಳ! ಮುಖಕ್ಕೆ ಹೇಳಿದ್ರೆ ಎರಡು ದಿನ ಬೈತಿದ್ದೆ. ಅಷ್ಟೂ ತಡ್ಕೊಳ್ಳೋಕೆ ಆಗ್ಲಿಲ್ವಾ?" ಖಲ್ಫಾನ್ ಗೂಟದಿಂದ ಈಚೆ ಬಂದ. "ಮತರ್, ನಿಂತ್ಕೋ ಇಲ್ಲಿ. ಒಂದೇ ಸುತ್ತು. ನಿನ್ನ ಬೆನ್ನಿಗೆ ಯಾವನಾದ್ರೂ ಅಂಟಿ ನಿಂತ್ರೆ ಅವತ್ತೇ ಗೂಟ ಬಿಡು." ಆಮೇಲೆ ಸರ್ಹಾನನ ಕಡೆ ತಿರುಗಿ, ದಡದಲ್ಲಿ ಬಲೆ ಹೆಣೆಯುತ್ತಿದ್ದವರಿಗೂ ಕೇಳಿಸುವಂತೆ, ಬೈಗುಳದ ದನಿಯಲ್ಲೇ ಕೂಗಿದ. "ನಿನ್ನ ಹಾಯಿ ಸರಿಯಿದೆ ಕಣೋ! ತಪ್ಪು ನಂದು. ಸಂಜೆ ಮಜ್ಲಿಸಲ್ಲೂ ಹೇಳ್ತೀನಿ. ಬಂದು ಕೂತ್ಕೊಂಡು ಕೇಳು."

ಮನೆಗೆ ಬಂದಾಗ ಹೆಂಡತಿ ಶಮ್ಸಾ ಕಾಫಿಯ ಫ್ಲಾಸ್ಕು ತಂದು ಮುಂದಿಟ್ಟಳು. ಉರಿಯುವ ಅಂಗೈಯಲ್ಲಿ ಮುಚ್ಚಳ ಹಿಡಿದ. ಒಂದೇ ತಿರುವಿಗೆ ಬಂತು. ಅದನ್ನು ಕೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದ. ಆಮೇಲೆ ಅವಳ ಮುಖ ನೋಡಿದ. ಅವಳು ಖರ್ಜೂರದ ತಟ್ಟೆ ಸರಿಮಾಡುವ ನೆಪದಲ್ಲಿ ತಲೆ ತಗ್ಗಿಸಿದಳು.

"ನೀನೂನಾ?"

ಅವಳು ಒಂದು ಖರ್ಜೂರ ತೆಗೆದು ಅವನ ಮುಂದಿಟ್ಟಳು.

ಖಲ್ಫಾನ್ ಮುಚ್ಚಳವನ್ನು ಫ್ಲಾಸ್ಕಿನ ಮೇಲಿಟ್ಟು ಅವಳ ಕಡೆ ತಳ್ಳಿದ. "ಬಿಗಿಯಾಗಿ ಮುಚ್ಚಿ ಕೊಡು," ಎಂದ. "ನಿನ್ನ ಕೈಲಾದಷ್ಟು ಬಿಗಿಯಾಗಿ. ಬರದೇ ಇದ್ರೆ, ಬಿಚ್ಚಿ ಕೊಡು ಅಂತ ನಾನೇ ಕೇಳ್ತೀನಿ."