ಗಿರಿಜತ್ತೆ ಹತ್ತಿಸಿದ ಗುಡ್ಡ

ಒಂದು ಜೀಪಿನಲ್ಲಿ ಹತ್ತು ಹನ್ನೆರಡು ಜನ ತುಂಬಿಕೊಂಡರೂ ಯಾರಿಗೂ ಇಕ್ಕಟ್ಟು ಅನ್ನಿಸದಿದ್ದ ಕಾಲ ಅದು. ಮೊಬೈಲು ಮನೆಗೊಂದೇ. ಅದೂ ಬಿಕ್ಕೋಡು ದಾಟಿದರೆ ಸುಮ್ಮನಾಗಿಬಿಡುತ್ತಿತ್ತು. ನಾನಾಗ ಐದನೇ ಕ್ಲಾಸು ಮುಗಿಸಿದ್ದೆ. ಬೇಸಿಗೆ ರಜೆಯ ಆ ಭಾನುವಾರ ಅರಸೀಕೆರೆಯ ನಮ್ಮ ಮನೆಯಿಂದ ಹೊರಟವರು ಮೂವರೇ: ತಾತ, ನಾನು, ಮತ್ತು ಜೀಪು ಓಡಿಸುತ್ತಿದ್ದ ಗಿರಿಜತ್ತೆ, ಅಂದರೆ ಅಪ್ಪನ ತಂಗಿ. ನನ್ನ ಕಾಲ ಬುಡದಲ್ಲಿ ರೊಟ್ಟಿ, ಹುಚ್ಚೆಳ್ಳು ಚಟ್ನಿ, ಮೊಸರನ್ನದ ಬುತ್ತಿ.

ನಮ್ಮದು ತೆಂಗಿನ ತೋಟದ ಮನೆ. ಡ್ರೈವರು ಕೆಲಸ ಬಿಟ್ಟುಹೋದ ವರ್ಷ ಅತ್ತೆ ತೋಟದೊಳಗೇ ಜೀಪು ಕಲಿತು, ಕೊಬ್ಬರಿ ಮೂಟೆ ಹೇರಿಕೊಂಡು ಮಂಡಿಗೆ ಹೋಗತೊಡಗಿದ್ದಳು. ಅವಳನ್ನು ತಬ್ಬಿಕೊಂಡರೆ ಕೊಬ್ಬರಿ, ಡೀಸೆಲ್ಲು ಎರಡೂ ಬೆರೆತ ವಾಸನೆ. ಅವಳನ್ನು ನೋಡಲು ಬಂದ ಮೂರು ಕಡೆಯವರೂ ಹುಡುಗಿಯನ್ನು ಒಪ್ಪಿದ್ದರು. ಒಪ್ಪಿ, ಎದ್ದು ಹೋಗುವ ಮುಂಚೆ, ಮಾತಾಡಿಕೊಂಡವರ ಹಾಗೆ ಒಂದೇ ಮಾತು ಹೇಳಿದ್ದರು: “ಮದುವೆ ಆದ್ಮೇಲೆ ಈ ಜೀಪು ಗೀಪು ಬೇಡ.” ಮೂವರನ್ನೂ ಅತ್ತೆಯೇ ಬೇಡವೆಂದಳು.

ಬಿಕ್ಕೋಡಿನಿಂದ ನಾಲ್ಕನೆಯ ಸಂಬಂಧ ಬಂದಾಗ ಅವಳು ತಾತನಿಗೆ ಕಡ್ಡಿ ಮುರಿದಂತೆ ಹೇಳಿದಳು. “ಇನ್ನೊಂದ್ ಸಲ ಉಪ್ಪಿಟ್ಟಿನ ತಟ್ಟೆ ಹಿಡ್ಕೊಂಡು ನಿಂತ್ಕೊಳ್ಳೋಕೆ ನನ್ ಕೈಲಾಗಲ್ಲ ಅಪ್ಪಾ.”

“ನಿಂತ್ಕೋಬೇಡ ಬಿಡು. ಜೀಪಲ್ಲಿ ಕೂತ್ಕೊಂಡಿರು, ನೋಡೋರು ಹಂಗೇ ನೋಡ್ಲಿ,” ಎಂದರು ತಾತ.

ಹುಡುಗ ಮಹೇಶನಿಗೆ ಸಣ್ಣ ಕಾಫಿ ತೋಟವಿತ್ತು, ದೊಡ್ಡ ಜೀಪಿನ ಹುಚ್ಚಿತ್ತು. ಭಾನುವಾರ ಗೆಳೆಯರೆಲ್ಲ ಸೇರಿ ನಾಲ್ಕೈದು ಜೀಪು ಕಟ್ಟಿಕೊಂಡು ಅರೇಹಳ್ಳಿ ಆಚೆಯ ಗುಡ್ಡದ ಕಾಡುದಾರಿ ಹತ್ತುತ್ತಿದ್ದರು. ಒಂದು ದಿನದ ಮಟ್ಟಿಗೆ ನಾವೂ ಅವರ ಜೊತೆ ಹೋಗುವುದೆಂದಾಯಿತು.

ಹಳೇಬೀಡಿನಲ್ಲಿ ಚಹಾ ಕುಡಿಯುವಾಗ ಅತ್ತೆ ನನ್ನ ಕಿವಿಯಲ್ಲಿ ಹೇಳಿದಳು. “ನೋಡ್ತಿರು ಪುಟ್ಟಿ. ಮೊದಲ್ನೇ ಕಷ್ಟದ ಏರು ಬಂದ ತಕ್ಷಣ ‘ಇಳೀರಿ, ನಾನು ಹತ್ತಿಸ್ಕೊಡ್ತೀನಿ’ ಅಂತಾನೆ. ಅಂದ್ನೋ, ಅಲ್ಲಿಗೇ ಮುಗೀತು. ವಾಪಸ್ ಮನೆಗೆ.”

ಅವನು ಹಾಗೇ ಅನ್ನಲಪ್ಪಾ ಎಂದು ನಾನು ಬೇಲೂರಿನ ತನಕ ದೇವರಿಗೆ ಕೈಮುಗಿದೆ. ಅತ್ತೆ ಇಲ್ಲದ ಮನೆ ನನಗೆ ಬೇಕಿರಲಿಲ್ಲ.

ಬಿಕ್ಕೋಡಿನಲ್ಲಿ ಮಹೇಶನ ತಾಯಿ ನಮ್ಮ ಜೀಪಿಗೇ ಹತ್ತಿದರು. ಸೊಸೆಯಾಗುವವಳನ್ನು ಹತ್ತಿರದಿಂದ ನೋಡಬೇಕಿತ್ತಲ್ಲ. ವಾರದ ಹಿಂದೆ ಒಂದು ಮಳೆ, ಹಿಂದಿನ ದಿನ ಇನ್ನೊಂದು ಬಿದ್ದಿತ್ತು, ದಾರಿಯ ಎರಡೂ ಕಡೆ ಕಾಫಿ ಗಿಡಗಳು ಬೆಳ್ಳಗೆ ಹೂಬಿಟ್ಟಿದ್ದವು. ಬಯಲಿನವಳಾದ ನಾನು “ಎಷ್ಟೊಂದು ಮಲ್ಲಿಗೆ!” ಎಂದು ಕೂಗಿದೆ. ಆ ತಾಯಿ ನಕ್ಕು, “ಮುಡ್ಕೊಂಡೀಯ ಕಣವ್ವ, ಆಮೇಲೆ ಕಾಫಿಗೆ ಏನ್ ಮಾಡಣ?” ಎಂದರು.

ತೋಟ ಮುಗಿದು ಕಾಡು ಹಿಡಿಯಿತು. ಕೊಳೆತೆಲೆಯ ತಂಪು ವಾಸನೆ, ಕಿವಿ ತುಂಬ ಜೀರುಂಡೆ. ಜೀಪು ಕುಲುಕಿದ ಕುಲುಕಿಗೆ ಮೊಸರನ್ನದ ಡಬ್ಬಿಯ ಮುಚ್ಚಳ ಹಾರಿ ತಾತನ ಪಂಚೆಯ ಮೇಲೆಲ್ಲ ಒಗ್ಗರಣೆ. ಆಮೇಲೆ ಆ ಏರು ಬಂತು. ಕೆಂಪು ಮಣ್ಣು ಬೆಣ್ಣೆಯಂತೆ ಜಾರುತ್ತಿತ್ತು. ತಿರುವಿನ ಬಲಕ್ಕೆ ಮಳೆನೀರು ಕೊರೆದ ಆಳದ ಕೊರಕಲು, ಎಡಕ್ಕೆ ದಾರಿಯೊಳಗೆ ಚಾಚಿಕೊಂಡ ಮರದ ದಪ್ಪ ಬೇರು. ಮಹೇಶನ ಜೀಪು ಗುರ್ರೆಂದು ಹತ್ತಿಹೋಯಿತು. ನಮ್ಮದು ಅರ್ಧಕ್ಕೆ ಹೋಗಿ ಚಕ್ರ ತಿರುಗಿಸುತ್ತ ಹಾಗೇ ಹಿಂದಕ್ಕೆ ಜಾರಿತು. ನಾವೆಲ್ಲ ಇಳಿದೆವು, ಅತ್ತೆಯೊಬ್ಬಳನ್ನು ಬಿಟ್ಟು.

“ಎಡಕ್ಕೆ ಹೊಡಿಯಮ್ಮ!” ಎಂದರು ತಾತ. “ಬಲಕ್ಕೆ, ಬಲಕ್ಕೆ!” ಎಂದ ಮೇಲಿನಿಂದ ಯಾರೋ ಗೆಳೆಯ. ಮಹೇಶನ ತಾಯಿ ಎಲ್ಲರಿಗಿಂತ ಜೋರಾಗಿ ಕೂಗಿದರು. “ಲೋ ಮಹೇಶ, ನೀನೇ ಬಂದು ಹತ್ತಿಸ್ಕೊಡೋ! ಪಾಪ, ಹೆಣ್ಮಗು!”

ಮಹೇಶ ಇಳಿದು ಬಂದು ನೇರ ಅತ್ತೆಯ ಪಕ್ಕ ನಿಂತ. ಅತ್ತೆ ಸ್ಟೀರಿಂಗ್ ಬಿಡಲಿಲ್ಲ. ನಾನು ಅವನ ಬಾಯನ್ನೇ ನೋಡುತ್ತ ನಿಂತೆ. ಇನ್ನೇನು ಅವನು ಆ ಮಾತು ಅಂದುಬಿಟ್ಟರೆ ಅತ್ತೆ ನಮ್ಮವಳಾಗೇ ಉಳಿಯುತ್ತಾಳೆ!

“ಮುಂದೆ ನಿಂತು ದಾರಿ ತೋರಿಸ್ಲಾ?” ಎಂದ ಅವನು.

“ತೋರ್ಸಿ. ಆದ್ರೆ ನೀವೊಬ್ರೇ. ಹತ್ ಜನ ಕೂಗಿದ್ರೆ ನಾನು ಯಾರ್ ಮಾತು ಕೇಳ್ಲಿ?”

ಅವನು ತಿರುಗಿ ನಿಂತು, “ಯಾರೂ ಬಾಯಿ ಬಿಡಂಗಿಲ್ಲ. ಅಮ್ಮಾ, ನೀನೂವೆ!” ಎಂದ. ಆ ತಾಯಿ ಸೆರಗನ್ನು ಬಾಯಿಗೊತ್ತಿಕೊಂಡರು. ಅವನು ಮುಂದೆ ಹೋಗಿ ಎರಡೂ ಕೈ ಎತ್ತಿ ಬಲಕ್ಕೆ ಸನ್ನೆ ಮಾಡಿದ. ಜೀಪು ಕದಲಲಿಲ್ಲ. ಅತ್ತೆ ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಡಲು ನನಗೆ ಹೇಳಿ, ಇಳಿದು ಬಂದಳು.

“ನಿಮ್ದು ಮೋಟು ಜೀಪು. ನಮ್ದು ಕಾಯಿ ಹೇರೋದು, ಉದ್ದ. ಇಲ್ಲಿ ತಿರುಗಿಸಿದ್ರೆ ಮುಂದಿನ ಚಕ್ರ ಏನೋ ದಾಟುತ್ತೆ, ಹಿಂದಿಂದು ಸೀದಾ ಕೊರಕಲಿಗೆ. ಎಡಗಡೆ ಬೇರಿನ ಮೇಲೇ ಹತ್ತಿಸ್ಬೇಕು.”

ಗೆಳೆಯರೆಲ್ಲ ಅವನನ್ನೇ ನೋಡುತ್ತಿದ್ದರು. ಅವನು ಕುಕ್ಕರಗಾಲಲ್ಲಿ ಕೂತು ನಮ್ಮ ಜೀಪಿನ ಉದ್ದ ನೋಡಿದ, ಕೊರಕಲು ನೋಡಿದ, ಮತ್ತೆ ಜೀಪು ನೋಡಿದ. ಎಲ್ಲರಿಗೂ ಕೇಳುವ ಹಾಗೆ ಹೇಳಿದ: “ಹೌದಲ್ವಾ! ನಂಗೆ ಹೊಳೀಲೇ ಇಲ್ಲ ಕಣ್ರೀ. ಬೀಳಿಸ್ಬಿಡ್ತಿದ್ದೆ ನಿಮ್ಮನ್ನ.”

ಅತ್ತೆ ಒಂದು ಕ್ಷಣ ಅವನ ಮುಖವನ್ನೇ ನೋಡಿದಳು. ಗಂಡಸೊಬ್ಬ ಅವಳಿಗೆ ಹಾಗೆ ಹೇಳಿದ್ದನ್ನು ನಾನಂತೂ ಕೇಳಿರಲಿಲ್ಲ.

ಈ ಸಲ ಅವನು ಬೇರಿನ ಪಕ್ಕ ನಿಂತು ಅಂಗೈ ಅಗಲದ ಲೆಕ್ಕದಲ್ಲಿ ಸನ್ನೆ ಮಾಡಿದ. ಅವಳು ಅವನ ಕೈಯನ್ನಷ್ಟೇ ನೋಡುತ್ತ ನಿಧಾನಕ್ಕೆ ಹತ್ತಿಸಿದಳು. ಬೇರು ದಾಟಿದ ಮೇಲೆ ಒಂದೇ ಸಲಕ್ಕೆ ಕಾಲೊತ್ತಿದಳು ನೋಡಿ, ಹಿಂದಿನ ಚಕ್ರ ಎರಚಿದ ಕೆಸರಿನಲ್ಲಿ ಮಹೇಶನಿಗೆ ಕಣ್ಣು ಹಲ್ಲು ಮಾತ್ರ ಉಳಿದವು.

ಗುಡ್ಡದ ನೆತ್ತಿಯಲ್ಲಿ ರೊಟ್ಟಿ ಹಂಚಿ ತಿನ್ನುವಾಗ ತಾಯಿ ಕೇಳಿಯೇ ಬಿಟ್ಟರು. “ಮದುವೆ ಆದ್ಮೇಲೂ ಓಡಿಸ್ತೀಯೇನವ್ವ?”

“ಓಡಿಸ್ತೀನಿ ಅಮ್ಮ.”

ತಾತನ ಕೈಯ ತುತ್ತು ಅಲ್ಲೇ ನಿಂತಿತು. ಆ ತಾಯಿ ಮಗನ ಮುಖ ನೋಡಿದರು. ಅವನು ಕಿವಿಯೊಳಗಿನ ಕೆಸರು ತೆಗೆಯುವುದರಲ್ಲಿ ಮುಳುಗಿದ್ದ. “ಸರಿ,” ಎಂದರು ಕೊನೆಗೆ, “ಇಳಿಯೋವಾಗ ವಸಿ ನಿಧಾನ ಕಣವ್ವ. ನನ್ ಸೊಂಟ ಆಗ್ಲೇ ಎರಡು ತುಂಡಾಗೈತೆ.”

ಸಂಜೆ ಬಿಕ್ಕೋಡಿನಲ್ಲಿ ಅವರನ್ನು ಇಳಿಸಿ ಹೊರಟ ಮೇಲೆ ಅತ್ತೆ, “ಹೆಂಗೇ ಪುಟ್ಟಿ?” ಎಂದಳು. ಸುಳ್ಳು ಹೇಳಲು ಬಾಯಿ ಬರಲಿಲ್ಲ. “ಚೆನ್ನಾಗಿದಾರೆ,” ಎಂದೆ. ಅಂದವಳೇ ಅಳಲು ಶುರು ಮಾಡಿದೆ. ಹಳೇಬೀಡು ದಾಟಿದರೂ ನಿಲ್ಲಲಿಲ್ಲ. ಅತ್ತೆ ಸುಮ್ಮನಿರು ಅನ್ನಲಿಲ್ಲ, ಅವಳ ಕಣ್ಣೂ ಒದ್ದೆಯಾಗಿತ್ತು.

ಈಗ ಆ ಕಾಡುದಾರಿಗೆ ಗೇಟು ಬಿದ್ದಿದೆ. ಆನೆ ಓಡಾಡುವ ಜಾಗ, ಮುಚ್ಚಿದ್ದೇ ಒಳ್ಳೆಯದಾಯಿತು. ತಾತ ಇಲ್ಲ. ನನಗೂ ಕಾರಿದೆ, ದಾರಿ ಹೇಳಲು ಫೋನಿದೆ. ಎಲ್ಲಿ ತಿರುಗಬೇಕೆಂದು ಅದು ಸರಿಯಾಗಿಯೇ ಹೇಳುತ್ತದೆ. ಎಡಕ್ಕೆ, ಬಲಕ್ಕೆ ಎಂದು ಒಟ್ಟಿಗೇ ಕೂಗಿ ತಲೆ ಕೆಡಿಸುವಷ್ಟು ಜನ ಮಾತ್ರ ಒಂದೇ ಗಾಡಿಯಲ್ಲಿ ಈಗ ಸೇರುವುದಿಲ್ಲ.

ಮದುವೆ ಆ ವೈಶಾಖದಲ್ಲೇ ಆಯಿತು. ಆಷಾಢಕ್ಕೆ ಹೊಸ ಸೊಸೆ ತವರಿಗೆ ಬರಬೇಕಲ್ಲ, ಕರೆತರಲು ಅಪ್ಪ ಬಸ್ಸಿಗೆ ಹೊರಡುತ್ತಿದ್ದರು. ಅಷ್ಟರಲ್ಲಿ ಬಾಗಿಲಿಗೆ ಬಿಕ್ಕೋಡಿನ ಜೀಪು ಬಂದು ನಿಂತಿತು. ಓಡಿಸಿಕೊಂಡು ಬಂದವಳು ಗಿರಿಜತ್ತೆ. ಪಕ್ಕದಲ್ಲಿ ಸೊಂಟ ಹಿಡಿದುಕೊಂಡು ಅವಳ ಅತ್ತೆ. ಹಿಂದಿನಿಂದ ಒಂದು ಬಾಳೆಗೊನೆ ಹೊತ್ತು ಮಹೇಶ ಮಾವ ಇಳಿದರು.